ಇಳಿಯದ ಗಾಜು

ಗುಂಡ್ಲುಪೇಟೆಯ ಮೃತ್ಯುಂಜಯನಿಗೆ ಒಂದು ಕುರ್ಚಿ ಬೇಕಾಗಿತ್ತು. ಮನೆಯಲ್ಲಿ ಕುರ್ಚಿಗೇನೂ ಬರವಿರಲಿಲ್ಲ. ನಡುಮನೆಯಲ್ಲಿ ಬೀಟೆ ಮರದ್ದು, ಜಗಲಿಯಲ್ಲಿ ಬೆತ್ತದ್ದು, ಅರಿಶಿನದ ಮಂಡಿಯಲ್ಲಿ ಗಿರ್ರನೆ ತಿರುಗುವಂಥದ್ದು, ಎಲ್ಲವೂ ಇದ್ದವು. ಅವನ ಕಣ್ಣಿದ್ದದ್ದು ಚಾಮರಾಜನಗರದಲ್ಲಿ ಮಠದವರು ನಡೆಸುವ ಹೈಸ್ಕೂಲಿನ ಕಮಿಟಿ ಅಧ್ಯಕ್ಷರ ಕುರ್ಚಿಯ ಮೇಲೆ. ಹಳೆಯ ಅಧ್ಯಕ್ಷರು ಲಿಂಗೈಕ್ಯರಾದ ಮೇಲೆ ಅದು ಖಾಲಿ ಬಿದ್ದಿತ್ತು. ಅದರಿಂದ ಮೂರು ಕಾಸಿನ ಹುಟ್ಟುವಳಿ ಇಲ್ಲ. ಆದರೆ ಅಧ್ಯಕ್ಷನಾದವನಿಗೆ ಮದುವೆ ಮನೆಯಲ್ಲಿ ಮೊದಲ ಪಂಕ್ತಿಯಲ್ಲಿ ಎಲೆ ಹಾಕುತ್ತಾರೆ, ಭಾಷಣ ಮಾಡುವವರು ಹೆಸರು ಹಿಡಿದು ‘ಮಾನ್ಯರೇ’ ಎನ್ನುತ್ತಾರೆ, ಎದುರಾದವರು ಸೈಕಲ್ಲಿನಿಂದ ಇಳಿಯುತ್ತಾರೆ. ಐವತ್ತು ಹತ್ತಿರವಾದರೂ ತನ್ನನ್ನು ಕಂಡು ಒಬ್ಬನೇ ಒಬ್ಬ ಸೈಕಲ್ಲಿನಿಂದ ಇಳಿದಿಲ್ಲ ಎನ್ನುವುದು ಮೃತ್ಯುಂಜಯನನ್ನು ಒಳಗೊಳಗೇ ಕೊರೆಯುತ್ತಿತ್ತು.

ಆ ಕುರ್ಚಿಯ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು. ಅವನು ಮೃತ್ಯುಂಜಯನ ಅಕ್ಕನ ಗಂಡ ಗುರುಮಲ್ಲಯ್ಯ, ಚಾಮರಾಜನಗರದಲ್ಲೇ ಜವಳಿ ಅಂಗಡಿ ಇಟ್ಟವನು. ಕಂಡವರಿಗೆಲ್ಲ ಕೈ ಮುಗಿಯುವ, ‘ನಮ್ಮದೇನಿದೆ, ಎಲ್ಲಾ ನಿಮ್ಮದೇ’ ಎನ್ನುತ್ತಲೇ ಬೇಕಾದದ್ದನ್ನು ತನ್ನ ಕಡೆಗೆ ಎಳೆದುಕೊಳ್ಳುವ ನಯವಂತ. ಇಬ್ಬರಲ್ಲಿ ಯಾರು ಎಂದು ತೀರ್ಮಾನಿಸಬೇಕಾದವರು ಮಠದ ಸ್ವಾಮಿಗಳು. ಆ ಸೀಮೆಯಲ್ಲಿ ಅವರನ್ನು ಸ್ವಾಮಿಗಳು ಎಂದು ಯಾರೂ ಕರೆಯುವುದಿಲ್ಲ, ಚಿಕ್ಕವರಿಗೂ ಮುದುಕರಿಗೂ ಅವರು ಬುದ್ಧಿಯವರು. ಚಾಮರಾಜನಗರ ಜಿಲ್ಲೆಯಾದ ಮೇಲೆ ಬಂದ ಮೊದಲ ಬಸವ ಜಯಂತಿಯ ದಿನ ಶಾಲೆಯ ಅಂಗಳದಲ್ಲಿ ಹೆಸರು ಹೇಳುತ್ತೇವೆಂದು ಬುದ್ಧಿಯವರು ಅಪ್ಪಣೆ ಕೊಡಿಸಿದ್ದರು.

ಆಗಲೇ ಮೃತ್ಯುಂಜಯನಿಗೆ ಹಿತ್ತಲ ಕೊಟ್ಟಿಗೆಯಲ್ಲಿದ್ದ ಕಾರು ನೆನಪಾದದ್ದು. ಅದು ಅವನ ಅಪ್ಪ ಪುಟ್ಟಬಸಪ್ಪ ಪ್ರಾಯದಲ್ಲಿ ಮೈಸೂರಿನ ಯಾರೋ ಸಾಹುಕಾರರಿಂದ ಕೊಂಡ ಲ್ಯಾಂಡ್‌ಮಾಸ್ಟರ್. ಮಠಕ್ಕೆ ಸ್ವಂತ ವಾಹನವಿಲ್ಲದ ಕಾಲದಲ್ಲಿ ಈಗಿನವರ ಗುರುಗಳಾದ ಹಿರಿಯ ಬುದ್ಧಿಯವರು ಎಲ್ಲಿಗೆ ಹೊರಟರೂ ಆ ಕಾರೇ ಹೋಗಬೇಕು, ಪುಟ್ಟಬಸಪ್ಪನೇ ಓಡಿಸಬೇಕು. ಮಠಕ್ಕೆ ಕಾರು ಬಂದ ಮೇಲೆ ಇದರ ಮಾನ ಇಳಿಯಿತು. ಕೆಲವು ವರ್ಷ ಅದರೊಳಗೆ ಬಿತ್ತನೆ ಅರಿಶಿನ ಇಟ್ಟಿದ್ದರು. ಆಮೇಲೆ ಬೆಕ್ಕು ಮರಿ ಹಾಕಿತು. ಕೊಟ್ಟಿಗೆಯ ತೊಲೆ ಬಿದ್ದಾಗ ಇದ್ದ ಗಾಜೆಲ್ಲ ಪುಡಿಯಾಯಿತು. ಅಂಥ ಕಾರಿನಲ್ಲಿ ಬುದ್ಧಿಯವರನ್ನು ಕೂರಿಸಿಕೊಂಡು ಇಡೀ ಜಿಲ್ಲೆ ನೋಡುವಂತೆ ಶಾಲೆಯ ಗೇಟಿಗೆ ತಂದು ಇಳಿಸಿಬಿಟ್ಟರೆ ಕುರ್ಚಿ ತಾನಾಗಿಯೇ ನಡೆದುಕೊಂಡು ಬರುತ್ತದೆ ಎಂದು ಮೃತ್ಯುಂಜಯ ಲೆಕ್ಕ ಹಾಕಿದ.

ಮಠಕ್ಕೆ ಹೋಗಿ ಅಡ್ಡಬಿದ್ದು ಬಿನ್ನಹ ಮಾಡಿಕೊಂಡ. ಬುದ್ಧಿಯವರು ನಕ್ಕು, ತಮ್ಮ ಗುರುಗಳು ಕೂತ ಗಾಡಿಯಲ್ಲವೇ, ಆಗಲಿ ಎಂದರು. ಕೆಲಸ ಶುರುವಾಯಿತು.

ಕೆಲಸಕ್ಕೆ ಸಿಕ್ಕವನು ಹಂಸ. ಸುಲ್ತಾನ್ ಬತ್ತೇರಿ ಕಡೆಯಿಂದ ಬಂದು ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಶೆಡ್ ಹಾಕಿಕೊಂಡಿದ್ದ ಮೆಕ್ಯಾನಿಕ್ಕು. ಇಲ್ಲ ಎನ್ನುವ ಮಾತು ಅವನ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ. ಏನು ಹೇಳಿದರೂ ‘ಶರಿ ಮೊದಲಾಳಿ’. ಮಲೆಯಾಳದಲ್ಲಿ ಧಣಿ ಎಂದರ್ಥವಾಗುವ ಆ ಶಬ್ದ ಕಿವಿಗೆ ಬಿದ್ದಾಗಲೆಲ್ಲ ಮೃತ್ಯುಂಜಯ ಒಂದು ಬೆರಳು ಎತ್ತರವಾಗುತ್ತಿದ್ದ. ಇಂಜಿನ್ನು ಬಿಚ್ಚಿ ಕಟ್ಟಿದರು, ತುಕ್ಕು ತಿಂದ ತಗಡು ಕತ್ತರಿಸಿ ಬೆಸುಗೆ ಹಾಕಿದರು, ಕೆನೆ ಬಣ್ಣ ಹೊಡೆದರು. ಬೇಸಿಗೆ ಏರುವ ಹೊತ್ತಿಗೆ ಕಾರು ಮದುವಣಗಿತ್ತಿಯಂತೆ ನಿಂತಿತ್ತು. ಗಾಜು ಮಾತ್ರ ಬಾಕಿ.

ಮುಂದಿನ ದೊಡ್ಡ ಗಾಜು ಕೊಯಮತ್ತೂರಿನ ಗುಜರಿಯಲ್ಲಿ ಸಿಕ್ಕಿತು. ಬಾಗಿಲುಗಳ ಗಾಜಿಗೆ ತೊಂದರೆ ಬಂತು. ಅವನ್ನು ಏರಿಸಿ ಇಳಿಸುವ ಹಲ್ಲುಚಕ್ರದ ಮಿಷನ್ನು ನಾಲ್ಕೂ ಬಾಗಿಲಿನಲ್ಲಿ ತುಕ್ಕು ಹಿಡಿದು ಒಂದೇ ಮುದ್ದೆಯಾಗಿತ್ತು. ಇನ್ನೊಂದು ಸಲ ಕೊಯಮತ್ತೂರಿಗೆ ಹೋಗಿ ಹುಡುಕಿದರೆ ಸಿಗಬಹುದು, ಸ್ವಲ್ಪ ತಡವಾಗುತ್ತದೆ ಎಂದು ಹಂಸ ತಲೆ ಕೆರೆದುಕೊಂಡ. ಮೃತ್ಯುಂಜಯ ಬೇಡವೇ ಬೇಡ ಎಂದ. ಗಾಜು ಇಳಿಸಿಕೊಂಡು ಹೋಗುವವರು ಟೆಂಪೋದವರು, ಮೈಸೂರಿನಲ್ಲಿ ದೊಡ್ಡ ಮನುಷ್ಯರ ಕಾರುಗಳನ್ನು ತಾನು ಕಣ್ಣಾರೆ ನೋಡಿದ್ದೇನೆ, ಕರಿ ಗಾಜು, ಅದೂ ಮೇಲಿನ ತನಕ ಏರಿಸಿದ್ದು, ಒಳಗೆ ಯಾರಿದ್ದಾರೆಂದು ನರಪಿಳ್ಳೆಗೂ ಗೊತ್ತಾಗಬಾರದು, ದೊಡ್ಡಸ್ತಿಕೆ ಎಂದರೆ ಅದು, ಎಂದು ಪಾಠ ಹೇಳಿದ. ಆದ್ದರಿಂದ ಮಿಷನ್ನು ಕಿತ್ತೆಸೆದು ಗಾಜನ್ನು ರಬ್ಬರ್ ಬೀಡಿಂಗಿನಲ್ಲಿ ಭದ್ರವಾಗಿ ಕೂರಿಸಿಬಿಡುವುದೆಂದು ತೀರ್ಮಾನವಾಯಿತು.

“ಶರಿ ಮೊದಲಾಳಿ,” ಎಂದ ಹಂಸ.

ಜಗಲಿಯ ಮೇಲೆ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದವನು ಪುಟ್ಟಬಸಪ್ಪ. ಎಂಬತ್ತರ ಮುದುಕ, ಎರಡು ಕಣ್ಣಿಗೂ ಪೊರೆ ಬಂದು ಮನುಷ್ಯರು ನೆರಳಿನಂತೆ ಕಾಣುತ್ತಿದ್ದರು. ನಾಲಗೆಗೆ ಮಾತ್ರ ಯಾವ ಪೊರೆಯೂ ಬಂದಿರಲಿಲ್ಲ. ಕಾರಿನ ಕೆಲಸ ಶುರುವಾದ ದಿನದಿಂದ ಮಗನನ್ನು ಅಣಕಿಸುವುದೇ ಅವನಿಗೆ ತಿಂಡಿ, ಊಟ, ಎಲೆಅಡಿಕೆ. ಅರಿಶಿನ ಮಾರಿಕೊಂಡು ತೆಪ್ಪಗಿರಲಾರದವನು ಅಧ್ಯಕ್ಷನಾಗಿ ಶಾಲೆಯ ಗಂಟೆ ಹೊಡೆಯಲು ಹೊರಟಿದ್ದಾನೆಂದು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಹೇಳುತ್ತಿದ್ದ. ಅಂದೂ ಬಿಡಲಿಲ್ಲ.

“ಗಾಳಿ ಎಲ್ಲಿಂದ ಬತ್ತದ್ಲಾ ಒಳಕ್ಕೆ?”

ಫ್ಯಾನು ಹಾಕಿಸುತ್ತೇನೆ ಎಂದ ಮಗ. ಹಾಕಿಸಿದ ಕೂಡ. ಸ್ಟಿಯರಿಂಗಿನ ಪಕ್ಕದಲ್ಲಿ ಅಂಗೈಯಗಲದ ಒಂದು ಫ್ಯಾನು.

ಗಾಜು ಕೊಯ್ದು ಕೊಟ್ಟದ್ದು ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿಯವನು. ದಪ್ಪ ಗಾಜಿಗೆ ಕರಿ ಹಾಳೆ ಅಂಟಿಸಿ, ಸುತ್ತ ರಬ್ಬರ್ ತೊಡಿಸಿ, ರಬ್ಬರಿನ ಹೊರಗಿನ ಸಂದಿನಲ್ಲಿ ಹುರಿ ಸುತ್ತಿ, ಹಂಸ ಸೋಪಿನ ನೀರು ಕಲಸಲು ಕೂತ. ಹೊರಗಿನಿಂದ ಒಬ್ಬ ಗಾಜನ್ನು ಒತ್ತಿ ಹಿಡಿಯಬೇಕು, ಒಳಗಿನಿಂದ ಇನ್ನೊಬ್ಬ ಹುರಿಯನ್ನು ನಿಧಾನವಾಗಿ ಎಳೆಯುತ್ತ ಬರಬೇಕು. ಹುರಿ ಬಂದ ಹಾಗೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ಕಚ್ಚಿಕೊಳ್ಳುತ್ತದೆ. ಜಾರಲಿ ಎಂದು ಸೋಪಿನ ನೀರು ಸವರುತ್ತಾರೆ. ಲೋಕವೆಲ್ಲ ಮಾಡುವುದು ಹಾಗೇ.

ಮೃತ್ಯುಂಜಯ ಸೋಪು ಕಂಡು ಹೌಹಾರಿದ. ಸೋಪಿಗೆ ದನದ ಕೊಬ್ಬು ಹಾಕುತ್ತಾರೆಂದು ಅವನು ಎಲ್ಲೋ ಕೇಳಿದ್ದ. ಬುದ್ಧಿಯವರು ಕೂರುವ ಗಾಡಿಗೆ, ಲಿಂಗ ಕಟ್ಟಿದವರ ಮನೆಯ ಅಂಗಳದಲ್ಲಿ, ಕೊಬ್ಬಿನ ನೀರು ಬಳಿಯುವುದೆಂದರೇನು? ಒಳಗೆ ಹೋಗಿ ಹೆಂಡತಿ ನಾಗರತ್ನಳಿಂದ ಹರಳೆಣ್ಣೆಯ ಡಬ್ಬವನ್ನೇ ತಂದು ಕೊಟ್ಟ. ಎಣ್ಣೆ ರಬ್ಬರಿಗೆ ಆಗಿಬರುವುದಿಲ್ಲ, ವಾಸನೆಯೂ ಬಿಡುವುದಿಲ್ಲ ಎಂದು ಹಂಸ ಹೇಳಲು ಬಾಯಿ ತೆರೆದವನು ಮೊದಲಾಳಿಯ ಮುಖ ನೋಡಿ ಶರಿ ಎಂದುಬಿಟ್ಟ. ಅರ್ಧ ಡಬ್ಬ ಎಣ್ಣೆ ಕುಡಿದು ನಾಲ್ಕು ಬಾಗಿಲಿನ ಗಾಜುಗಳೂ ಕೂತವು. ಉಳಿದದ್ದನ್ನು ವಾಪಸ್ಸು ತೆಗೆದುಕೊಂಡ ನಾಗರತ್ನ, ಮನೆಯ ಮಕ್ಕಳಿಗೆ ಹೊಟ್ಟೆ ಕಟ್ಟಿದಾಗಲೂ ಇಷ್ಟು ಎಣ್ಣೆ ಖರ್ಚಾಗಿರಲಿಲ್ಲ ಎಂದಳು.

ಅಪಸ್ವರ ಎತ್ತಿದವನು ಡ್ರೈವರ್ ಮಾದೇಶ ಒಬ್ಬನೇ. ಆ ಕಾರಿಗೆ ತಿರುವು ತೋರಿಸುವ ದೀಪ ಇಲ್ಲ, ಬಲಕ್ಕೆ ತಿರುಗುವಾಗ ಕೈ ಹೊರಗೆ ಚಾಚಬೇಕು, ಈಗ ಎಲ್ಲಿಂದ ಚಾಚಲಿ ಎಂದು ಕೇಳಿದ. ದೊಡ್ಡ ಮನುಷ್ಯರ ಕಾರು ಎತ್ತ ತಿರುಗುತ್ತದೆಂದು ಜನರೇ ನೋಡಿಕೊಳ್ಳುತ್ತಾರೆ ಎಂದ ಮೃತ್ಯುಂಜಯ.

ಬಸವ ಜಯಂತಿಯ ಬೆಳಿಗ್ಗೆ ಕಾರು ಗುಂಡ್ಲುಪೇಟೆ ಮಗ್ಗುಲಿನ ಮಠದ ಮುಂದೆ ನಿಂತಿತು. ಹಿಂದಿನ ಸೀಟಿಗೆ ಹೊಸ ಕಾವಿ ವಸ್ತ್ರ ಹಾಸಿದ್ದರು. ಬುದ್ಧಿಯವರ ಸರಿಸಮ ಯಾರೂ ಕೂರುವಂತಿಲ್ಲವಾದ್ದರಿಂದ ಮೃತ್ಯುಂಜಯ ಬರಿಗಾಲಿನಲ್ಲಿ, ರೇಷ್ಮೆ ಪಂಚೆಯಲ್ಲಿ, ಮುಂದೆ ಮಾದೇಶನ ಪಕ್ಕ ಕೂತ. ಮನೆಯಿಂದ ಹೊರಡುವಾಗ ಅಪ್ಪನನ್ನು ಕರೆದಿದ್ದ. ಈ ಕುಣಿತ ನೋಡಲು ಬರುವುದಿಲ್ಲ ಎಂದು ಮುದುಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಆ ಮಾತಿನಿಂದ ಮೃತ್ಯುಂಜಯನಿಗೆ ನೋವಾಗಿತ್ತು. ಹುಟ್ಟಿದಾರಭ್ಯ ಅಪ್ಪನ ಬಾಯಿಂದ ‘ಭೇಷ್’ ಎನ್ನುವ ಒಂದು ಶಬ್ದ ಬಿದ್ದಿರಲಿಲ್ಲ. ಆ ಕುರ್ಚಿಯ ಮೇಲೆ ಕೂತರೆ ಮುದುಕ ಬಾಯಿ ಮುಚ್ಚಿಕೊಂಡಾನು ಎನ್ನುವುದೂ ಅವನ ಆಸೆಯೊಳಗೆ ಸೇರಿಕೊಂಡಿತ್ತು.

ಚಾಮರಾಜನಗರದ ದಾರಿಯ ತೆರಕಣಾಂಬಿಯಲ್ಲಿ ಜನ ಕಾದಿದ್ದರು. ಬುದ್ಧಿಯವರು ಹೋಗುತ್ತಾರೆಂದರೆ ಆ ದಾರಿಯ ಹಳ್ಳಿಗಳಲ್ಲಿ ಹಣ್ಣುಕಾಯಿ ಹಿಡಿದು ನಿಲ್ಲುವುದು ವಾಡಿಕೆ. ಕಾರು ನಿಧಾನವಾಗುತ್ತದೆ, ಬುದ್ಧಿಯವರು ಕಿಟಕಿಯಿಂದ ಕೈ ಚಾಚುತ್ತಾರೆ, ಒಬ್ಬರಿಗೆ ವಿಭೂತಿ, ಒಬ್ಬರಿಗೆ ಹೂವು, ಮಗುವಿನ ತಲೆಗೆ ಅಂಗೈ. ಆ ಕೈಗಾಗಿ ಜನ ಹೊತ್ತುಗಟ್ಟಲೆ ಬಿಸಿಲಿನಲ್ಲಿ ನಿಲ್ಲುತ್ತಾರೆ. ಇದು ಮೃತ್ಯುಂಜಯನಿಗೆ ಗೊತ್ತಿರಲಿಲ್ಲವೆಂದಲ್ಲ, ಅವನೇ ಎಷ್ಟೋ ಸಲ ಹಾಗೆ ನಿಂತು ವಿಭೂತಿ ಇಸಿದುಕೊಂಡಿದ್ದ. ಗಾಜಿನ ದೊಡ್ಡಸ್ತಿಕೆಯಲ್ಲಿ ಮರೆತಿದ್ದ, ಅಷ್ಟೆ.

ಬುದ್ಧಿಯವರು ಬಾಗಿಲನ್ನು ತಡವಿ, ಹಿಡಿ ಹುಡುಕಿ, ಸಿಗದೆ, “ಗಾಜು ಒಂದಿಷ್ಟು ಇಳಿಸಪ್ಪ,” ಎಂದರು.

ಮೃತ್ಯುಂಜಯ ಹಿಂದಕ್ಕೆ ತಿರುಗಿದ. ಇದು ಇಳಿಯುವ ಗಾಜಲ್ಲವೆಂದೂ, ಬುದ್ಧಿಯವರ ಮೈಗೆ ದಾರಿಯ ಧೂಳು ಸೋಕಬಾರದೆಂದು ಹೀಗೆ ಮಾಡಿಸಿದ್ದೆಂದೂ ಬಡಬಡಿಸಿದ.

“ಧೂಳಿನಲ್ಲಿ ನಿಂತಿರೋರು ನಮ್ಮ ಜನವೇ ಅಲ್ಲವೇನಪ್ಪ?”

ಮೃತ್ಯುಂಜಯ ಇಳಿದು ಹೋಗಿ ಹಿಂದಿನ ಬಾಗಿಲನ್ನೇ ತೆರೆದ. ತೆರೆದದ್ದೇ ತಡ ಇಡೀ ತೆರಕಣಾಂಬಿ ಕಾರಿನೊಳಗೆ ನುಗ್ಗಿತು. ಉರಿಯುವ ಕರ್ಪೂರದ ತಟ್ಟೆ ಸೀಟಿನ ತನಕ ಬಂತು. ಬುದ್ಧಿಯವರ ಮಡಿಲಿಗೆ ಒಂದು ಕೂಸು ಬಿತ್ತು. ಯಾರೋ ಶಲ್ಯ ಎಳೆದರು. ಮೃತ್ಯುಂಜಯ ಜನರನ್ನು ನೂಕಿ, ಕೂಸನ್ನು ತಾಯಿಗೆ ಒಪ್ಪಿಸಿ, ಬಾಗಿಲು ಜಡಿದು ಮುಂದೆ ಓಡಿಸಲು ಹೇಳಿದ. ಅಲ್ಲಿಂದ ಮುಂದೆ ಎಲ್ಲೂ ಬಾಗಿಲು ತೆರೆಯಲಿಲ್ಲ. ಜನ ಕರಿ ಗಾಜಿಗೇ ವಿಭೂತಿ ಬಳಿದರು, ಗಾಜಿಗೇ ಕುಂಕುಮ ಇಟ್ಟರು, ಗಾಜಿಗೇ ಅಂಗೈ ಒತ್ತಿ ಕಣ್ಣಿಗೆ ಒತ್ತಿಕೊಂಡರು. ಒಳಗಿನಿಂದ ಬುದ್ಧಿಯವರು ಆ ಅಂಗೈಗಳನ್ನು ನೋಡುತ್ತ ಕೂತಿದ್ದರು.

ಬಿಸಿಲು ಏರಿತು. ಇಂಜಿನ್ನಿನ ಕಾವು ಕೆಳಗಿನಿಂದ, ತಗಡಿನ ಕಾವು ಮೇಲಿನಿಂದ. ಫ್ಯಾನು ಆ ಕಾವನ್ನೇ ತಿರುವಿ ತಿರುವಿ ಮುಖಕ್ಕೆ ಹೊಡೆಯುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಬಿಸಿಯಾದ ರಬ್ಬರಿನಿಂದ ಹರಳೆಣ್ಣೆ ಜಿನುಗತೊಡಗಿತು. ಅದರ ಘಾಟು ಆ ಮುಚ್ಚಿದ ಡಬ್ಬಿಯಲ್ಲಿ ಎಷ್ಟು ತುಂಬಿತೆಂದರೆ ಮಾದೇಶನಂಥ ಗಟ್ಟಿ ಆಳೂ ಒಂದು ಕೈಯಲ್ಲಿ ಮೂಗು ಹಿಡಿದು ಓಡಿಸಿದ. ಹರವೆ ಕಡೆಯ ದಾರಿ ಕೂಡುವಲ್ಲಿ ಬುದ್ಧಿಯವರು ಗಾಡಿ ನಿಲ್ಲಿಸು ಎಂದರು. ಮುಖ ಬಿಳಿಚಿಕೊಂಡಿತ್ತು. ಇಳಿದು ಹುಣಸೆ ಮರದ ನೆರಳಿನಲ್ಲಿ ನಿಂತು ಉಸಿರು ಎಳೆದುಕೊಂಡರು. ಮೃತ್ಯುಂಜಯ ಪಂಚೆಯ ತುದಿಯಲ್ಲಿ ಗಾಳಿ ಬೀಸಿದ.

ಅಷ್ಟರಲ್ಲಿ ಚಾಮರಾಜನಗರದ ಕೆಂಪು ಬಸ್ಸು ಬಂತು. ಬುದ್ಧಿಯವರನ್ನು ಕಂಡ ಕಂಡಕ್ಟರು ಸೀಟಿ ಊದಿದ, ಬಸ್ಸಿನೊಳಗಿದ್ದವರೆಲ್ಲ ಎದ್ದು ನಿಂತರು. ಬುದ್ಧಿಯವರು ಹಿಂದೆ ಮುಂದೆ ನೋಡದೆ ಹತ್ತಿ ಕಿಟಕಿಯ ಪಕ್ಕದಲ್ಲಿ ಕೂತೇಬಿಟ್ಟರು. ಸೀಟಿನವನು ಹೆಗಲ ಟವಲನ್ನೇ ಹಾಸಿ ಕೊಟ್ಟಿದ್ದ. ನೀನು ನಿಧಾನವಾಗಿ ಹಿಂದೆ ಬಾ ಎಂದು ಮೃತ್ಯುಂಜಯನಿಗೆ ಹೇಳುವಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ಅವನಿಗೆ ಇಷ್ಟು ಉರಿಯುತ್ತಿರಲಿಲ್ಲ. ಬಸ್ಸು ಹೊರಟು ಮುಂದಿನ ಹಳ್ಳಿ ಮುಟ್ಟುವ ಮೊದಲೇ ಆ ಕೈ ಕಿಟಕಿಯಿಂದ ಹೊರಗೆ ಬಂದಿತ್ತು.

ಮೃತ್ಯುಂಜಯನ ತಲೆ ಕಾರಿಗಿಂತ ಜೋರಾಗಿ ಓಡಿತು. ಶಾಲೆಯ ಗೇಟಿನಲ್ಲಿ ಭಾವ ಗುರುಮಲ್ಲಯ್ಯ ಹಾರ ಹಿಡಿದು ನಿಂತಿರುತ್ತಾನೆ. ಬುದ್ಧಿಯವರು ಬಸ್ಸಿನಿಂದ ಇಳಿದರೆಂದರೆ ಕುರ್ಚಿಯ ಕಥೆ ಮುಗಿಯಿತು. ಬಸ್ಸಿಗಿಂತ ಮೊದಲು ಹೋಗಿ, ಬುದ್ಧಿಯವರು ಬಡಬಗ್ಗರ ಮೇಲಿನ ಪ್ರೀತಿಗೆ ಬಸ್ಸಿನಲ್ಲಿ ಬರುತ್ತಿದ್ದಾರೆ, ಎಲ್ಲಾ ತನ್ನದೇ ಏರ್ಪಾಡು ಎಂದು ಮೈಕಿನಲ್ಲಿ ಹೇಳಿಬಿಟ್ಟರೆ? ಮಾದೇಶನಿಗೆ ಬಸ್ಸನ್ನು ಹಿಂದೆ ಹಾಕಲು ಹೇಳಿದ. ಮುಂದಿನ ಸೀಟಿನ ಕೆಳಗಿನ ತಗಡು ಕಾದು ಬರಿಗಾಲು ಸುಡುತ್ತಿತ್ತು. ಹಿಂದಿನ ಸೀಟು ಖಾಲಿ ಇತ್ತು. ಅಲ್ಲಿ ಕೂರಬಾರದೆಂದು ಅವನಿಗೆ ಗೊತ್ತು. ಆದರೆ ಗಾಜು ಕಪ್ಪಗಿತ್ತು, ದಾರಿ ಸ್ವಲ್ಪವೇ ಉಳಿದಿತ್ತು. ಒಂದು ಗಳಿಗೆ ಗಾಡಿ ನಿಲ್ಲಿಸಲು ಹೇಳಿದ. ಮೃತ್ಯುಂಜಯ ಹಿಂದೆ ಹೋಗಿ ಕಾವಿ ವಸ್ತ್ರದ ಮೇಲೆ ಕೂತ.

ಹಳ್ಳಿಹಳ್ಳಿಗೂ ನಿಲ್ಲುವ ಬಸ್ಸು ಹಿಂದೆ ಬಿತ್ತು. ಚಾಮರಾಜನಗರದ ಅಂಚಿನಲ್ಲಿ ಕೆನೆ ಬಣ್ಣದ ಕಾರು ಕಂಡದ್ದೇ ವಾಲಗದವರು ಊದತೊಡಗಿದರು. ಮುಂದಿನ ಗಾಜು ಮುಚ್ಚುವಷ್ಟು ಹೂವು ಬಿತ್ತು, ಕಾಯಿ ಒಡೆಯಿತು, ಕಳಸ ಹೊತ್ತ ಹೆಂಗಸರು ಮುಂದೆ ನಿಂತರು, ಜನ ನಾಲ್ಕೂ ಕಡೆಯಿಂದ ಮುತ್ತಿ ಕಾರನ್ನು ನಡೆಸಿಕೊಂಡೇ ಹೊರಟರು. ಮೃತ್ಯುಂಜಯ ಗಾಜು ಬಡಿದ, ತಾನಲ್ಲ, ತಾನಲ್ಲ ಎಂದು ಕೂಗಿದ. ಗಾಜು ದಪ್ಪಗಿತ್ತು, ಡೋಲು ಜೋರಾಗಿತ್ತು. ಮಾದೇಶ ಬಾಗಿಲು ತೆರೆಯಲು ನೋಡಿದ, ಒತ್ತಿ ನಿಂತ ಜನ ಬಿಡಲಿಲ್ಲ. ಕಿಟಕಿಯಾಚೆ ನೆಲಕ್ಕೆ ಬಿದ್ದು ಏಳುವ ಬೆನ್ನುಗಳು ಸಾಲುಸಾಲಾಗಿ ಹೋಗುತ್ತಿದ್ದವು. ಸೈಕಲ್ಲಿನಿಂದ ಇಳಿದು ಕೈಮುಗಿದವರು ಎಷ್ಟೋ ಜನ. ಸುಳ್ಳು ಯಾಕೆ, ಸ್ವಲ್ಪ ಹೊತ್ತು ಅವನಿಗೆ ಹಿತವಾಯಿತು. ಕೂಗುವುದನ್ನು ನಿಲ್ಲಿಸಿ ಬೆನ್ನು ನೆಟ್ಟಗೆ ಮಾಡಿದ. ಬಲಗೈ ಅಷ್ಟೆತ್ತರಕ್ಕೆ ಎದ್ದಿತು, ತಾನಾಗಿಯೇ. ಕನ್ನಡಿಯಲ್ಲಿ ಮಾದೇಶನ ಕಣ್ಣು ಕಂಡದ್ದೇ ಕೈ ಇಳಿಯಿತು.

ಶಾಲೆಯ ಗೇಟಿನಲ್ಲಿ ಬಾಗಿಲು ತೆರೆದವನು ಗುರುಮಲ್ಲಯ್ಯ. ಕೈಯಲ್ಲಿ ತೋಳುಗಾತ್ರದ ಹಾರ, ಮುಖದಲ್ಲಿ ಭಕ್ತಿ. ಬುದ್ಧಿಯವರ ಜಾಗದಲ್ಲಿ, ಬೆವರಿನಲ್ಲಿ ತೊಯ್ದು ಕೂತಿದ್ದ ಭಾವಮೈದುನನನ್ನು ಕಂಡು ಆ ಭಕ್ತಿ ಅರ್ಧಕ್ಕೇ ನಿಂತಿತು. ಅವನು ಬಾಗಿಲಿಗೆ ಅಡ್ಡವಾಗಿ ನಿಂತಿದ್ದರಿಂದ ಹಿಂದಿನವರಿಗೆ ಒಳಗೆ ಯಾರೆಂದು ಕಾಣುತ್ತಿರಲಿಲ್ಲ. ನಿಜ ಹೇಳಿಬಿಡಬೇಕೆಂದು ಮೃತ್ಯುಂಜಯ ಇಳಿಯಲು ಒಂದು ಕಾಲನ್ನು ಹೊರಗಿಟ್ಟ.

ಆ ಕಾಲು ನೆಲ ಮುಟ್ಟುವಷ್ಟರಲ್ಲಿ ಗುರುಮಲ್ಲಯ್ಯನ ತೋಳಿನ ಕೆಳಗಿನಿಂದ ಒಬ್ಬ ಮುದುಕ ನುಸುಳಿ ಬಂದು ಅದರ ಮೇಲೆ ಬಿದ್ದ. ಎರಡು ಕೈಯಲ್ಲಿ ಪಾದ ಹಿಡಿದು ಹಣೆ ಇಟ್ಟ. ಮಡಿ ಮಾಡಿದ ಪಂಚೆ, ಹಣೆ ತುಂಬ ವಿಭೂತಿ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವನು ಮಗ ಹೊರಟ ಮೇಲೆ ಎದ್ದು, ಸ್ನಾನ ಮಾಡಿ, ಸಿಕ್ಕಿದ ವ್ಯಾನು ಹತ್ತಿ, ದಾರಿಯಲ್ಲಿ ನಿಂತು ನಿಂತು ಬಂದ ಕಾರಿಗಿಂತ ಮೊದಲೇ ಬಂದಿದ್ದ.

“ಬುದ್ಧೀ, ನನ್ ಮಗ ಕೆಟ್ಟೋನಲ್ಲ,” ಎಂದ ಪುಟ್ಟಬಸಪ್ಪ, ಪಾದಕ್ಕೇ ಹೇಳುವಂತೆ. “ಒಸಿ ದೊಡ್ಡಸ್ತಿಕೆ ಆಸೆ, ಅಷ್ಟೆಯ. ಆ ಅದ್ಯಕ್ಸನ್ ಕುರ್ಚಿ ಅವನ್ಗೇ ಕೊಡ್ಬುಡಿ. ನಾನು ಅವನ್ನ ಬರೀ ಬೈದೆ ಕಣ್ ಬುದ್ಧಿ. ಒಂದಿನಾನೂವೆ ಒಳ್ಳೆ ಮಾತಾಡ್ನಿಲ್ಲ.”

ಮೃತ್ಯುಂಜಯನಿಗೆ ಪಾದವನ್ನು ಎಳೆದುಕೊಳ್ಳಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಹೆತ್ತ ಅಪ್ಪನ ಹಣೆ ತನ್ನ ಕಾಲ ಮೇಲೆ. ಬಾಗಿ, ಕಿವಿಯ ಹತ್ತಿರ ಹೇಳಿದ.

“ಅಪ್ಪಾ, ನಾನು ಕಣಪ್ಪ. ಬುದ್ಧಿಯವ್ರು ಇಂದೆ ಬಸ್ಸಲ್ ಬತ್ತಾವ್ರೆ.”

ಪಾದ ಹಿಡಿದ ಕೈಗಳು ಬಿಗಿಯಾದವು. ಮುದುಕ ತಲೆ ಎತ್ತಲಿಲ್ಲ. ಎಂಥ ಭಕ್ತಿ ಎಂದು ಹಿಂದೆ ಯಾರೋ ಲೊಚಗುಟ್ಟಿದರು.

“ಕಾಲ್ ಒಳಕ್ ತಗಳ್ಲಾ,” ಎಂದ ಪುಟ್ಟಬಸಪ್ಪ ಮೆಲ್ಲಗೆ.

ಆಮೇಲೆ ಎದ್ದು ನಿಂತು, ಅಳಿಯನ ಕೈಯಿಂದ ಬಾಗಿಲು ಬಿಡಿಸಿಕೊಂಡು ತಾನೇ ಮುಚ್ಚಿದ. ಕಂಡದ್ದನ್ನು ಬೇಕಾದಾಗ ಬಳಸಿಕೊಳ್ಳಬಹುದೆಂದು ಬಲ್ಲ ಜವಳಿ ವ್ಯಾಪಾರಿ ಗುರುಮಲ್ಲಯ್ಯ. ಮಾವನಿಗೆ ಕೈ ಮುಗಿದು ಪಕ್ಕಕ್ಕೆ ಸರಿದ. ಮುದುಕ ಜನರ ಕಡೆ ತಿರುಗಿ, ಬುದ್ಧಿಯವರು ಬಸ್ಸಿನಲ್ಲಿ ಬರುತ್ತಿದ್ದಾರೆ, ಇದು ಬರಿಯ ಗಾಡಿ, ಎಲ್ಲರೂ ಆ ಕಡೆ ಹೋಗಿ ಎಂದು ಕೂಗಿ ಹೇಳಿದ. ಬಸ್ಸಿನ ಹಾರನ್ನು ಕೇಳಿಸಿತು. ಕಳಸ, ಡೋಲು, ಹಾರ ಎಲ್ಲವೂ ಅತ್ತ ಓಡಿದವು. ಕಿಟಕಿಯಿಂದ ಚಾಚಿದ ಕೈಗೆ ಜನ ಮುಗಿಬಿದ್ದರು.

ಪುಟ್ಟಬಸಪ್ಪ ಹೋಗಲಿಲ್ಲ. ಬುದ್ಧಿಯವರ ಪಾದ ಮುಟ್ಟಬೇಕೆಂದೇ ಅಷ್ಟು ದೂರ ಬಂದವನು ಕಾರಿನ ಕರಿ ಗಾಜಿಗೆ ಬೆನ್ನು ಕೊಟ್ಟು ನಿಂತುಬಿಟ್ಟ. ಒಳಗೆ ಮೃತ್ಯುಂಜಯ ಅಪ್ಪನ ಬೆನ್ನನ್ನು ನೋಡುತ್ತ ಕೂತಿದ್ದ. ಅಂಗಿ ಬೆವರಿಗೆ ಗಾಜಿಗೆ ಅಂಟಿಕೊಂಡಿತ್ತು. ಸ್ವಲ್ಪ ಹೊತ್ತಿನ ಮೇಲೆ ಅಂಗಳದ ಮೈಕಿನಲ್ಲಿ ಗುರುಮಲ್ಲಯ್ಯನ ಹೆಸರು ಹೇಳಿದ್ದು, ಚಪ್ಪಾಳೆ ಬಿದ್ದದ್ದು, ಗಾಜಿನಾಚೆಯಿಂದ ಮಂದವಾಗಿ ಕೇಳಿಸಿತು. ಅಪ್ಪಾ ಎಂದು ಕರೆದ. ಬೆನ್ನು ಅಲುಗಲಿಲ್ಲ.

ತಡವಾಗಿ ಬಂದ ಹೆಂಗಸೊಬ್ಬಳು ಹಣ್ಣುಕಾಯಿ ತಟ್ಟೆ ಹಿಡಿದುಕೊಂಡು ಕಾರಿನ ಹತ್ತಿರ ನಿಂತಳು. ಒಳಗೆ ಯಾರಿದ್ದಾರೆ ಎಂದು ಮುದುಕನನ್ನು ಕೇಳಿದಳು.

“ಯಾರೂ ಇಲ್ಲ ಕಣವ್ವ,” ಎಂದ ಪುಟ್ಟಬಸಪ್ಪ.